ಮುಗ್ಗರಿಸುವ ವಿಡಿಯೊ: ಜ್ವರ ಎತ್ತಿಗೋ, ಎಮ್ಮೆಗೋ?

ಪರೀಕ್ಷೆಗೆ ಇನ್ನು ಹದಿನೈದೇ ದಿನ. ಪಿಯುಸಿ ಓದುವ ಹುಡುಗಿಯೊಬ್ಬಳು ಮನೆಯ ಕಂಪ್ಯೂಟರಿನಲ್ಲಿ ಸರಳ ಲೋಲಕದ ಪ್ರಯೋಗ ನೋಡುತ್ತಿದ್ದಾಳೆ ಎಂದುಕೊಳ್ಳಿ. ಲೋಲಕದ ಗುಂಡು ಎಡದಿಂದ ಬಲಕ್ಕೆ ನಯವಾಗಿ ತೂಗಬೇಕು. ಆದರೆ ಪರದೆಯ ಮೇಲೆ ಅದು ಎಡಗಡೆ ಕಾಣಿಸಿಕೊಂಡು, ನಡುವೆ ಮಾಯವಾಗಿ, ಬಲಗಡೆ ಪ್ರತ್ಯಕ್ಷವಾಗುತ್ತದೆ. ಆಂದೋಲನಗಳನ್ನು ಎಣಿಸುವುದಾದರೂ ಹೇಗೆ? “ಇಂಟರ್‌ನೆಟ್ ಸಾಲದು, ಇನ್ನೂ ಹೆಚ್ಚಿನ ವೇಗದ್ದು ಹಾಕಿಸೋಣ” ಎನ್ನುತ್ತಾರೆ ತಂದೆ. “ಕಂಪ್ಯೂಟರೇ ಹಳೆಯದಾಯಿತು, ಹೊಸದು ಕೊಳ್ಳೋಣ ಅಪ್ಪ” ಎನ್ನುತ್ತಾನೆ ಅಣ್ಣ. ಮೊದಲನೆಯದಕ್ಕೆ ತಿಂಗಳು ತಿಂಗಳೂ ಖರ್ಚು. ಎರಡನೆಯದಕ್ಕೆ ಒಂದೇ ಸಲ ಹತ್ತಾರು ಸಾವಿರ ರೂಪಾಯಿ. ಎರಡನ್ನೂ ಮಾಡಿದ ಮೇಲೂ ಲೋಲಕ ಮುಗ್ಗರಿಸಿದರೆ?

ಹಾಗೆ ಆಗುವುದು ಅಪರೂಪವೇನಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಮುಗ್ಗರಿಸುವ ವಿಡಿಯೊ ನೋಡುವವರ ಕಣ್ಣಿಗೆ ಒಂದೇ ರೋಗ. ವಾಸ್ತವದಲ್ಲಿ ಅದು ಎರಡು ಬೇರೆ ಬೇರೆ ರೋಗಗಳ ಲಕ್ಷಣ. ಒಂದು, ಚಿತ್ರದ ಮಾಹಿತಿ ಮನೆಗೆ ಬಂದು ತಲುಪದಿರುವುದು. ಇನ್ನೊಂದು, ತಲುಪಿದ ಮಾಹಿತಿಯನ್ನು ಕಂಪ್ಯೂಟರ್ ಸಕಾಲಕ್ಕೆ ಚಿತ್ರವಾಗಿ ಮಾರ್ಪಡಿಸಲಾರದಿರುವುದು. ಒಂದರ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ಹಣ ಖರ್ಚು ಮಾಡುವ ಮುನ್ನ ರೋಗ ಯಾವುದೆಂದು ಪತ್ತೆ ಹಚ್ಚಬೇಕು. ಅದಕ್ಕೆ ಬೇಕಾಗಿರುವುದು ಅರ್ಧ ಗಂಟೆ ಬಿಡುವು, ಒಂದು ನೋಟುಪುಸ್ತಕ, ಸ್ವಲ್ಪ ತಾಳ್ಮೆ.

ಒಂದು ಸೆಕೆಂಡಿನ ಲೆಕ್ಕ

ವಿಡಿಯೊ ಎಂದರೆ ಚಲಿಸುವ ಚಿತ್ರವಲ್ಲ. ವೇಗವಾಗಿ ಬದಲಾಗುವ ಸ್ಥಿರಚಿತ್ರಗಳ ಸಾಲು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು. ಅಂತರಜಾಲದ ವಿಡಿಯೊಗಳಲ್ಲಿ ಸಾಮಾನ್ಯವಾಗಿ 25, 30 ಅಥವಾ 60. ಇಂಥ ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ 30 ಫ್ರೇಮುಗಳೆಂದರೆ ಒಂದೊಂದಕ್ಕೂ ಸಿಗುವ ಕಾಲಾವಕಾಶ ಸುಮಾರು 33 ಮಿಲಿಸೆಕೆಂಡ್. ಆ ಅವಧಿಯಲ್ಲಿ ಸಿದ್ಧವಾಗದ ಫ್ರೇಮು ತಡವಾಗಿ ತೋರುತ್ತದೆ, ಇಲ್ಲವೇ ಪೂರ್ತಿ ಬಿಟ್ಟುಹೋಗುತ್ತದೆ. ಮುಗ್ಗರಿಸುವುದು ಎಂದರೆ ಇದೇ.

ಪೂರ್ಣ ಹೈ ಡೆಫಿನಿಷನ್ ಫ್ರೇಮಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಈ ಚುಕ್ಕೆಯೇ ಪಿಕ್ಸೆಲ್. ಗುಣಿಸಿದರೆ 20,73,600 ಚುಕ್ಕೆಗಳು. ಒಂದು ಚುಕ್ಕೆಯ ಬಣ್ಣವನ್ನು ಬರೆದಿಡಲು 24 ಬಿಟ್ ಬೇಕೆಂದರೆ ಒಂದು ಫ್ರೇಮಿಗೆ ಹತ್ತಿರ ಹತ್ತಿರ 5 ಕೋಟಿ ಬಿಟ್. ಸೆಕೆಂಡಿಗೆ 30 ಫ್ರೇಮುಗಳಿಗೆ 149 ಕೋಟಿ ಬಿಟ್. ಅಂದರೆ 1,490 ಮೆಗಾಬಿಟ್ಟಿಗೂ ಹೆಚ್ಚು. ಇಷ್ಟನ್ನೂ ಇದ್ದಂತೆಯೇ ಸಾಗಿಸುವುದಾದರೆ ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕವಿರುವ ಮನೆಯಲ್ಲೂ ಒಂದು ಸೆಕೆಂಡಿನ ದೃಶ್ಯಕ್ಕೆ ಹದಿನೈದು ಸೆಕೆಂಡು ಕಾಯಬೇಕಾಗುತ್ತದೆ!

ಆದರೆ ಈ ಗುಣಮಟ್ಟದ ವಿಡಿಯೊಗೆ ಸೆಕೆಂಡಿಗೆ 5 ಮೆಗಾಬಿಟ್ ವೇಗವಿದ್ದರೆ ಸಾಕೆಂದು ಯೂಟ್ಯೂಬ್ ಸೂಚಿಸುತ್ತದೆ. ಅಂದರೆ ಮುನ್ನೂರು ಮೂಟೆ ಸಾಮಾನನ್ನು ಒಂದೇ ಮೂಟೆಯಲ್ಲಿ ತುಂಬಿ ಕಳಿಸಿದಂತಾಯಿತು. ಇದು ಹೇಗೆ ಸಾಧ್ಯ?

ಬೆಂಗಳೂರಿನ ಹುಡುಗನ ಗಣಿತ

ಉಪಾಯ ಎರಡು ಬಗೆಯದು. ತರಗತಿಯ ದೃಶ್ಯವನ್ನೇ ನೋಡಿ. ಮೇಷ್ಟ್ರು ಕಪ್ಪುಹಲಗೆಯ ಮುಂದೆ ನಿಂತು ಪಾಠ ಮಾಡುತ್ತಿದ್ದಾರೆ. ಹಲಗೆ ಕದಲುವುದಿಲ್ಲ, ಗೋಡೆ ಕದಲುವುದಿಲ್ಲ. ಕದಲುವುದು ಅವರ ಕೈ ಮತ್ತು ತುಟಿ ಮಾತ್ರ. ಹಾಗಾದರೆ ಇಡೀ ಚಿತ್ರವನ್ನು ಮೂವತ್ತು ಸಲ ಕಳಿಸುವುದೇಕೆ? ಒಂದು ಪೂರ್ಣ ಚಿತ್ರವನ್ನು ಕಳಿಸಿ, ಆನಂತರ ಬದಲಾದ ಭಾಗಗಳ ವಿವರವನ್ನಷ್ಟೇ ಕಳಿಸಿದರಾಯಿತು. ಇದು ಮೊದಲ ಉಪಾಯ.

ಎರಡನೆಯದು ಗಣಿತದ್ದು. ಚಿತ್ರವನ್ನು ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ನಿಧಾನವಾಗಿ ಏರಿಳಿಯುವ ದೊಡ್ಡ ಅಲೆಗಳು ಮತ್ತು ಬೇಗ ಬೇಗ ಏರಿಳಿಯುವ ಸಣ್ಣ ಅಲೆಗಳ ಮೊತ್ತವಾಗಿ ಬರೆಯುತ್ತಾರೆ. ಅತಿ ಸಣ್ಣ ಅಲೆಗಳಲ್ಲಿ ಅನೇಕವನ್ನು ಬಿಟ್ಟರೂ ಮನುಷ್ಯನ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಈ ವಿಧಾನಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಸಂಕ್ಷೇಪವಾಗಿ ಡಿಸಿಟಿ ಎಂದು ಹೆಸರು. ಪಿಯುಸಿ ತ್ರಿಕೋನಮಿತಿಯಲ್ಲಿ ಬರುವ ಅದೇ ಕೊಸೈನ್!

ಇದನ್ನು ರೂಪಿಸಿದ ನಾಸಿರ್ ಅಹ್ಮದ್ 1940ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಈಗ ಯುವಿಸಿಇ ಎಂದು ಹೆಸರಾಗಿರುವ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದ ಅವರು, ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ ಈ ವಿಚಾರ ಹೊಳೆಯಿತು. 1972ರಲ್ಲಿ ಸಂಶೋಧನೆಗೆ ಧನಸಹಾಯ ಕೋರಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಅವರು ಕೆಲಸ ನಿಲ್ಲಿಸಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಇಂದು ಜೆಪೆಗ್ ಛಾಯಾಚಿತ್ರದಲ್ಲೂ, ಅಂತರಜಾಲದ ವಿಡಿಯೊಗಳಲ್ಲೂ ಈ ಗಣಿತವೋ ಅದರ ಮರಿಮಕ್ಕಳೋ ದುಡಿಯುತ್ತಿರುತ್ತವೆ.

ಗಂಟನ್ನು ಹೀಗೆ ಬಿಗಿಯಾಗಿ ಕಟ್ಟಿ ಕಳಿಸಿದ ಮೇಲೆ ಈಚೆ ಕಡೆಯಲ್ಲಿ ಯಾರಾದರೂ ಬಿಚ್ಚಬೇಕಲ್ಲ? ಅದೇ ಮನೆಯ ಕಂಪ್ಯೂಟರಿನ ಕೆಲಸ. ಗಂಟು ಬಿಗಿಯಾದಷ್ಟೂ ಸಾಗಿಸುವುದು ಸುಲಭ, ಬಿಚ್ಚುವುದು ಕಷ್ಟ. ಎರಡು ರೋಗಗಳ ಮೂಲ ಇಲ್ಲಿದೆ. ಗಂಟು ಬಾರದಿರುವುದು ಒಂದು. ಬಂದ ಗಂಟನ್ನು ಬಿಚ್ಚಲಾಗದಿರುವುದು ಇನ್ನೊಂದು.

ಕಣ್ಣಿಗಿಂತ ಕಿವಿ ಮೇಲು

ಯಾವ ರೋಗವೆಂದು ತಿಳಿಯಲು ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ವಿಡಿಯೊ ಮುಗ್ಗರಿಸುವಾಗ ಕಣ್ಣು ಮುಚ್ಚಿ ಧ್ವನಿಯನ್ನಷ್ಟೇ ಕೇಳಬೇಕು.

ಚಿತ್ರ ಕುಂಟುತ್ತಿದ್ದರೂ ಧ್ವನಿ ತಡೆಯಿಲ್ಲದೆ ಹರಿಯುತ್ತಿದೆಯೇ? ಹಾಗಿದ್ದರೆ ಮಾಹಿತಿ ಬರುತ್ತಿದೆ ಎಂದೇ ಅರ್ಥ. ಬಹುಮಟ್ಟಿಗೆ ದೋಷ ಕಂಪ್ಯೂಟರಿನದು. ಧ್ವನಿಯ ಗಂಟು ಬಹಳ ಹಗುರ, ಎಂಥ ಹಳೆಯ ಕಂಪ್ಯೂಟರಾದರೂ ಅದನ್ನು ಬಿಚ್ಚಬಲ್ಲದು. ಮೇಲಾಗಿ ಧ್ವನಿಯ ಸಣ್ಣ ತುಂಡರಿಕೆಯನ್ನೂ ಕಿವಿ ಸಹಿಸುವುದಿಲ್ಲ. ಆದ್ದರಿಂದ ವಿಡಿಯೊ ತೋರಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಧ್ವನಿಯನ್ನೇ ಗಡಿಯಾರವನ್ನಾಗಿ ಇಟ್ಟುಕೊಂಡು, ಹಿಂದೆ ಬಿದ್ದ ಫ್ರೇಮುಗಳನ್ನು ಎಸೆದು ಧ್ವನಿಯ ಜೊತೆ ಹೆಜ್ಜೆ ಹಾಕುತ್ತವೆ.

ಅದರ ಬದಲು ಧ್ವನಿಯೂ ಚಿತ್ರವೂ ಒಟ್ಟಿಗೆ ನಿಂತು, ಪರದೆಯ ನಡುವೆ ಚಕ್ರ ತಿರುಗತೊಡಗಿದರೆ ಮಾಹಿತಿ ಬಂದಿಲ್ಲವೆಂದು ತಿಳಿಯಬೇಕು. ಆಗ ನೋಡಬೇಕಾದ್ದು ಸಂಪರ್ಕವನ್ನು.

ಇನ್ನೂ ಖಚಿತವಾದ ಪುರಾವೆ ಬೇಕೆನ್ನುವವರು ಕಂಪ್ಯೂಟರಿನಲ್ಲಿ ಯೂಟ್ಯೂಬ್ ವಿಡಿಯೊದ ಮೇಲೆ ಮೌಸಿನ ಬಲಗುಂಡಿ ಒತ್ತಬೇಕು. ಬರುವ ಪಟ್ಟಿಯಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಎಂಬುದನ್ನು ಆರಿಸಿದರೆ ಪುಟ್ಟ ಚೌಕವೊಂದು ತೆರೆಯುತ್ತದೆ. ಅದರಲ್ಲಿ ಎರಡು ಸಾಲು ಮುಖ್ಯ. ‘ಬಫರ್ ಹೆಲ್ತ್’ ಎಂಬುದು ಮುಂದಿನ ಎಷ್ಟು ಸೆಕೆಂಡಿನ ದೃಶ್ಯ ಈಗಾಗಲೇ ಬಂದು ಕೂತಿದೆ ಎಂದು ಹೇಳುತ್ತದೆ. ‘ಫ್ರೇಮ್ಸ್’ ಎಂಬಲ್ಲಿ ‘ಡ್ರಾಪ್ಡ್’ ಎಂದಿರುವ ಸಂಖ್ಯೆ, ಎಷ್ಟು ಫ್ರೇಮುಗಳು ಬಿಟ್ಟುಹೋದವೆಂದು ತಿಳಿಸುತ್ತದೆ. ದಾಸ್ತಾನು ಸೊನ್ನೆಗೆ ಇಳಿಯುತ್ತಿದ್ದರೆ ಸಂಪರ್ಕದ ದೋಷ. ದಾಸ್ತಾನು ಸಾಕಷ್ಟಿದ್ದೂ ಬಿಟ್ಟುಹೋದ ಫ್ರೇಮುಗಳು ಏರುತ್ತಲೇ ಇದ್ದರೆ ಕಂಪ್ಯೂಟರಿನ ದೋಷ.

ಸಂಪಿಗೆ ನೀರು ಬಾರದಿದ್ದರೆ

ಈ ದಾಸ್ತಾನನ್ನು ಮನೆಯ ಸಂಪಿಗೆ ಹೋಲಿಸಬಹುದು. ಬೀದಿಯ ನಲ್ಲಿ ಒಮ್ಮೆ ಜೋರು, ಒಮ್ಮೆ ಸಣ್ಣಗೆ ಬಂದರೂ ಸಂಪಿನಲ್ಲಿ ನೀರಿರುವಷ್ಟು ಹೊತ್ತು ಅಡುಗೆಮನೆಗೆ ಅದರ ಅರಿವಾಗದು. ಬರುವ ನೀರಿಗಿಂತ ಖರ್ಚು ಹೆಚ್ಚಾದಾಗ ಸಂಪು ಬರಿದಾಗುತ್ತದೆ, ಚಕ್ರ ತಿರುಗುತ್ತದೆ.

ಆಗ ಮೊದಲು ಮಾಡಬೇಕಾದ್ದು ವೇಗ ಅಳೆಯುವುದು. ಫಾಸ್ಟ್.ಕಾಮ್ ಮುಂತಾದ ತಾಣಗಳು ಕ್ಷಣಾರ್ಧದಲ್ಲಿ ಇದನ್ನು ಹೇಳುತ್ತವೆ. ಒಂದು ಸಲ ಅಳೆದರೆ ಸಾಲದು. ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಅಳೆಯಬೇಕು. ಬಡಾವಣೆಯ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುವ ಹೊತ್ತು ರಾತ್ರಿಯೇ. ಇಲ್ಲೊಂದು ಗೊಂದಲವನ್ನೂ ಬಗೆಹರಿಸಿಕೊಳ್ಳಬೇಕು. ಸಂಪರ್ಕದ ವೇಗವನ್ನು ಹೇಳುವುದು ಬಿಟ್‌ಗಳಲ್ಲಿ, ಕಡತದ ಗಾತ್ರವನ್ನು ಹೇಳುವುದು ಬೈಟ್‌ಗಳಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ 40 ಮೆಗಾಬಿಟ್ ವೇಗಕ್ಕೆ ಹಣ ಕಟ್ಟಿದವರ ಕಂಪ್ಯೂಟರಿನಲ್ಲಿ ಕಡತವೊಂದು ಸೆಕೆಂಡಿಗೆ 5 ಮೆಗಾಬೈಟ್‌ನಂತೆ ಇಳಿದರೆ ಅದು ಮೋಸವಲ್ಲ, ಭಾಗಾಕಾರ.

ಎರಡನೆಯ ಹೆಜ್ಜೆ, ಗಾಳಿಯನ್ನು ಬಿಟ್ಟು ತಂತಿಯನ್ನು ಹಿಡಿಯುವುದು. ರೌಟರಿನಿಂದ ಕಂಪ್ಯೂಟರಿಗೆ ಒಂದು ಲ್ಯಾನ್ ಕೇಬಲ್ ಜೋಡಿಸಿ ನೋಡಬೇಕು. ಕೆಲವು ನೂರು ರೂಪಾಯಿಗೆ ಅಂಗಡಿಯಲ್ಲಿ ಸಿಗುತ್ತದೆ. ಪರೀಕ್ಷೆಗೆ ನೆರೆಮನೆಯಿಂದ ಎರವಲು ತಂದರೂ ಆದೀತು. ತಂತಿ ಹಾಕಿದೊಡನೆ ವಿಡಿಯೊ ಸರಾಗವಾದರೆ ಕಂಪನಿಯನ್ನೂ ಕಂಪ್ಯೂಟರನ್ನೂ ದೂರುವ ಹಾಗಿಲ್ಲ, ತಪ್ಪು ವೈಫೈಯದು. ರೌಟರ್ ಕಬ್ಬಿಣದ ಬೀರುವಿನ ಹಿಂದೆ ಅಡಗಿ ಕುಳಿತಿರಬಹುದು. ನಡುವೆ ಎರಡು ದಪ್ಪ ಗೋಡೆಗಳಿರಬಹುದು. ವೈಫೈಗೆ ಸಾಮಾನ್ಯವಾಗಿ ಎರಡು ಪಟ್ಟಿಗಳು: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ದೂರ ಹೋಗುತ್ತದೆ. ಆದರೆ ಬ್ಲೂಟೂತ್ ಉಪಕರಣಗಳು, ಅಕ್ಕಪಕ್ಕದ ಮನೆಗಳ ರೌಟರುಗಳು ಎಲ್ಲವೂ ಅಲ್ಲೇ ಕಿಕ್ಕಿರಿದಿರುತ್ತವೆ. ಅಡುಗೆಮನೆಯ ಮೈಕ್ರೊವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲೇ. ಎರಡನೆಯದು ವೇಗವಾಗಿದೆ, ಆದರೆ ಗೋಡೆ ದಾಟುವಾಗ ಸೊರಗುತ್ತದೆ. ಕಂಪ್ಯೂಟರ್ ರೌಟರಿನ ಕೋಣೆಯಲ್ಲೇ ಇದ್ದರೆ 5 ಗಿಗಾಹರ್ಟ್ಸ್ ಪಟ್ಟಿಯೇ ಮೇಲು.

ಮೊಬೈಲ್ ಫೋನಿನಿಂದ ಕಂಪ್ಯೂಟರಿಗೆ ಅಂತರಜಾಲ ಕೊಡುವ ಮನೆಗಳು ಇನ್ನೊಂದು ಲೆಕ್ಕ ಹಾಕಬೇಕು. ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಒಂದು ಗಂಟೆಯ ವಿಡಿಯೊಗೆ ಸುಮಾರು 2.25 ಗಿಗಾಬೈಟ್ ಖರ್ಚಾಗುತ್ತದೆ. ಅನೇಕ ಮೊಬೈಲ್ ಯೋಜನೆಗಳಲ್ಲಿ ದಿನದ ಮಿತಿ ಮುಗಿದೊಡನೆ ವೇಗ ಕಿಲೋಬಿಟ್‌ಗೆ ಇಳಿಯುತ್ತದೆ. ಬೆಳಿಗ್ಗೆ ಚೆನ್ನಾಗಿ ಓಡಿದ ವಿಡಿಯೊ ಸಂಜೆ ಕುಂಟುವುದಕ್ಕೆ ಎಷ್ಟೋ ವೇಳೆ ಕಾರಣ ಇಷ್ಟೇ.

ಗಂಟು ಬಿಚ್ಚಲು ತ್ರಾಣವಿಲ್ಲದಿದ್ದರೆ

ಈಗ ಎರಡನೆಯ ರೋಗ. ಗಂಟು ಕಟ್ಟುವ ವಿಧಾನಗಳಿಗೆ ಕೋಡೆಕ್ ಎನ್ನುತ್ತಾರೆ. 2003ರಲ್ಲಿ ಬಂದ ಎಚ್.264 ಹಳೆಯದು, ಹಗುರವಾದದ್ದು. 2013ರ ವಿಪಿ9 ಮತ್ತು 2018ರ ಎವಿ1 ಅದಕ್ಕಿಂತ ಬಿಗಿ. ಬಿಚ್ಚಲು ಹೆಚ್ಚು ಶ್ರಮ.

ಅಡುಗೆಯವರು ಎಲ್ಲ ಕೆಲಸವನ್ನೂ ಬಲ್ಲರು. ಆದರೂ ಹಿಟ್ಟು ರುಬ್ಬಲು ಗ್ರೈಂಡರ್ ಇದ್ದರೆ ಅವರ ಕೈ ಬಿಡುವಾಗುತ್ತದೆ. ಕಂಪ್ಯೂಟರಿನಲ್ಲಿ ಪ್ರೊಸೆಸರ್ ಅಡುಗೆಯವರಿದ್ದಂತೆ. ಗ್ರಾಫಿಕ್ಸ್ ಚಿಪ್ಪಿನೊಳಗಿರುವ ವಿಡಿಯೊ ಬಿಚ್ಚುವ ಭಾಗ ಗ್ರೈಂಡರ್ ಇದ್ದಂತೆ. ಅದಕ್ಕೆ ಅದೊಂದೇ ಕೆಲಸ, ಆದರೆ ಅದನ್ನು ಚುರುಕಾಗಿ, ಕಡಿಮೆ ವಿದ್ಯುತ್ತಿನಲ್ಲಿ ಮಾಡುತ್ತದೆ. ತೊಂದರೆಯೆಂದರೆ ಹಳೆಯ ಗ್ರೈಂಡರಿಗೆ ಹೊಸ ಧಾನ್ಯ ಗೊತ್ತಿರುವುದಿಲ್ಲ. ಉದಾಹರಣೆಗೆ, 2011ರ ಇಂಟೆಲ್ ಚಿಪ್ಪುಗಳು ಎಚ್.264 ಅನ್ನು ಲೀಲಾಜಾಲವಾಗಿ ಬಿಚ್ಚುತ್ತವೆ. ವಿಪಿ9ಕ್ಕೆ ಪೂರ್ಣ ಸೌಲಭ್ಯ ಬಂದದ್ದು ಅವರ ಏಳನೆಯ ಪೀಳಿಗೆಯಲ್ಲಿ, ಎವಿ1ಕ್ಕೆ ಹನ್ನೊಂದನೆಯ ಪೀಳಿಗೆಯಲ್ಲಿ. ಹಳೆಯ ಕಂಪ್ಯೂಟರಿಗೆ ಹೊಸ ಗಂಟು ಬಂದರೆ ಪಾಪ, ಅಡುಗೆಯವರೇ ರುಬ್ಬುಗುಂಡು ಹಿಡಿಯಬೇಕಾಗುತ್ತದೆ.

ಇದನ್ನೂ ಕಣ್ಣಾರೆ ನೋಡಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಡಿಯೊ ಓಡುವಾಗ ಪ್ರೊಸೆಸರಿನ ಬಳಕೆ ನೂರರ ಹತ್ತಿರ ಸುಳಿದಾಡುತ್ತಿದ್ದರೆ ಅಡುಗೆಯವರು ಏದುಸಿರು ಬಿಡುತ್ತಿದ್ದಾರೆಂದು ತಿಳಿಯಬೇಕು. ಆಗ ಈ ಕೆಳಗಿನ ಕ್ರಮಗಳನ್ನು ಒಂದೊಂದಾಗಿ ನೋಡಬೇಕು. ಹೊಸ ಕಂಪ್ಯೂಟರ್ ಕೊಳ್ಳುವ ಮಾತು ಕೊನೆಗಿರಲಿ.

ಮೊದಲನೆಯದು, ಗ್ರೈಂಡರಿನ ಸ್ವಿಚ್ ಹಾಕಿದೆಯೇ? ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ವಿಭಾಗಕ್ಕೆ ಹೋದರೆ ಗ್ರಾಫಿಕ್ಸ್ ಆಕ್ಸೆಲರೇಶನ್ ಎಂಬ ಗುಂಡಿ ಇರುತ್ತದೆ. ಅದು ಆರಿದ್ದರೆ ಹಚ್ಚಿ, ಬ್ರೌಸರನ್ನು ಮುಚ್ಚಿ ತೆರೆಯಬೇಕು.

ಎರಡನೆಯದು, ಗ್ರೈಂಡರ್ ಇದೆಯೆಂದು ಕಂಪ್ಯೂಟರಿಗೆ ಗೊತ್ತಿದೆಯೇ? ರಿಪೇರಿಗೆ ಕೊಟ್ಟು ವಿಂಡೋಸನ್ನು ಹೊಸದಾಗಿ ಹಾಕಿಸಿದಾಗ ಗ್ರಾಫಿಕ್ಸ್ ಡ್ರೈವರ್ ಹಾಕದೆ ಬಿಟ್ಟಿರುವ ಸಂಭವವುಂಟು. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಎಂಬಲ್ಲಿ ಚಿಪ್ಪಿನ ಹೆಸರಿನ ಬದಲು ‘ಮೈಕ್ರೊಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ರೋಗ ಸಿಕ್ಕಿದಂತೆಯೇ. ತಯಾರಕರ ತಾಣದಿಂದ ಸರಿಯಾದ ಡ್ರೈವರ್ ಇಳಿಸಿಕೊಂಡು ಹಾಕಬೇಕು. ಇದಕ್ಕೆ ಪೈಸೆ ಖರ್ಚಿಲ್ಲ.

ಮೂರನೆಯದು ಶಾಖ. ಮೊದಲ ಹತ್ತು ನಿಮಿಷ ನೆಟ್ಟಗೆ ಓಡಿ ಆಮೇಲೆ ಮುಗ್ಗರಿಸುವ ಕಂಪ್ಯೂಟರಿನ ಮೇಲೆ ಈ ಅನುಮಾನ ಪಡಬೇಕು. ಬಿಸಿ ಮಿತಿಮೀರಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿಹೋಗುತ್ತದೆ, ಮೇಜಿನ ಮೇಲಿಡಬೇಕು. ವರ್ಷಗಟ್ಟಲೆ ಫ್ಯಾನಿನಲ್ಲಿ ಕೂತ ಧೂಳನ್ನು, ವಿದ್ಯುತ್ ಸಂಪರ್ಕ ತೆಗೆದ ನಂತರ, ಮೆತ್ತನೆಯ ಕುಂಚದಿಂದ ತೆಗೆಯಬೇಕು. ಈ ಕೆಲಸ ಹಿರಿಯರ ಸಮ್ಮುಖದಲ್ಲಿ ನಡೆಯಲಿ.

ನಾಲ್ಕನೆಯದು, ಬೇಡದ ಹೊರೆ. ಬ್ರೌಸರಿನಲ್ಲಿ ತೆರೆದಿಟ್ಟ ಮೂವತ್ತು ಪುಟಗಳು, ಹಿನ್ನೆಲೆಯಲ್ಲಿ ಇಳಿಯುತ್ತಿರುವ ಅಪ್‌ಡೇಟ್‌ಗಳು, ಬ್ಯಾಟರಿ ಉಳಿಸುವ ವ್ಯವಸ್ಥೆ ಇವೆಲ್ಲವೂ ತ್ರಾಣ ಹೀರುತ್ತವೆ ಇಲ್ಲವೇ ತಗ್ಗಿಸುತ್ತವೆ. ಚಾರ್ಜರ್ ಜೋಡಿಸಿ, ಬೇಡದ್ದನ್ನು ಮುಚ್ಚಿ ನೋಡಬೇಕು.

ಐದನೆಯದು, ಪರದೆಗೆ ತಕ್ಕ ಚಿತ್ರ. ಮನೆಗಳಲ್ಲಿರುವ ಎಷ್ಟೋ ಲ್ಯಾಪ್‌ಟಾಪುಗಳ ಪರದೆಯಲ್ಲಿ 1366 ಗುಣಿಸು 768, ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕೆಗಳಷ್ಟೇ ಇರುತ್ತವೆ. ಅದರ ಮೇಲೆ ಇಪ್ಪತ್ತು ಲಕ್ಷ ಚುಕ್ಕೆಗಳ 1080 ಗುಣಮಟ್ಟದ ವಿಡಿಯೊ ಹಾಕಿದರೆ, ಕಂಪ್ಯೂಟರ್ ಎಲ್ಲವನ್ನೂ ಬಿಚ್ಚಿ ಆಮೇಲೆ ಅರ್ಧದಷ್ಟನ್ನು ಎಸೆಯಬೇಕು. ಪಾವಿನ ಪಾತ್ರೆಗೆ ಸೇರು ಸುರಿದಂತೆ. 720 ಗುಣಮಟ್ಟವನ್ನು ಆರಿಸಿದರೆ ಆ ಪರದೆಯಲ್ಲಿ ನಷ್ಟ ಅತ್ಯಲ್ಪ, ಕೆಲಸ ಅರ್ಧಕ್ಕಿಂತ ಕಡಿಮೆ. ಪಟ್ಟಿಯಲ್ಲಿ 60 ಫ್ರೇಮಿನದೂ ಇದ್ದು 30ರದೂ ಇದ್ದರೆ 30ರದನ್ನು ಆರಿಸಿದರೆ ಹೊರೆ ಮತ್ತೆ ಅರ್ಧವಾಗುತ್ತದೆ.

ರೋಗವಲ್ಲದ ಕುಂಟು, ನೇರ ತರಗತಿಯ ಕುಂಟು

ಒಂದು ಬಗೆಯ ತೊಡಕು ರೋಗವೇ ಅಲ್ಲ. ಬಹುತೇಕ ಪರದೆಗಳು ಸೆಕೆಂಡಿಗೆ 60 ಸಲ ಹೊಸದಾಗುತ್ತವೆ. ಸಿನಿಮಾದ ಫ್ರೇಮುಗಳು 24. ಅರವತ್ತನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲಾಗದ್ದರಿಂದ ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಬೇಕಾಗುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯದಲ್ಲಿ ಈ ಎರಡು-ಮೂರರ ನಡಿಗೆ ಸೂಕ್ಷ್ಮ ಕಣ್ಣಿಗೆ ಕುಂಟಿದಂತೆ ತೋರುತ್ತದೆ. ಇದಕ್ಕಾಗಿ ಕಂಪ್ಯೂಟರನ್ನು ಬಿಚ್ಚುವ ಅಗತ್ಯವಿಲ್ಲ.

ನೇರ ಪ್ರಸಾರದ ತರಗತಿಗಳ ನಿಯಮವೂ ಬೇರೆ. ಪ್ರಶ್ನೆ ಕೇಳಿದೊಡನೆ ಉತ್ತರ ಬರಬೇಕಾದ ಕಡೆ ಸಂಪು ಕಟ್ಟಿ ಕಾಯಲು ಸಮಯವಿಲ್ಲ. ದಾಸ್ತಾನು ಸೆಕೆಂಡಿನ ಅಲ್ಪ ಭಾಗದ್ದು ಮಾತ್ರ. ಸಂಪರ್ಕ ಒಂದು ಕ್ಷಣ ತಡವರಿಸಿದರೂ ಧ್ವನಿ ಸಹ ತುಂಡಾಗುತ್ತದೆ. ಅಂಥ ವೇಳೆ ವಿದ್ಯಾರ್ಥಿ ತನ್ನ ಕ್ಯಾಮೆರಾ ಆರಿಸಿದರೆ ಹೊರಗೆ ಹೋಗುವ ಮಾಹಿತಿಯೂ, ಗಂಟು ಕಟ್ಟುವ ಶ್ರಮವೂ ಉಳಿಯುತ್ತವೆ. ಪಕ್ಕದ ಕೋಣೆಯಲ್ಲಿ ನಡೆಯುತ್ತಿರುವ ಸಿನಿಮಾವನ್ನು ಒಂದು ಗಂಟೆ ಮುಂದೂಡಿದರೆ ಇನ್ನೂ ಒಳ್ಳೆಯದು.

ಒಂದು ಸಲಕ್ಕೆ ಒಂದೇ ಬದಲಾವಣೆ

ಗಾಬರಿಯಲ್ಲಿ ಹಲವರು ಎಲ್ಲವನ್ನೂ ಒಟ್ಟಿಗೆ ಮಾಡಿಬಿಡುತ್ತಾರೆ. ರೌಟರ್ ಜಾಗ ಬದಲಿಸಿ, ಡ್ರೈವರ್ ಹಾಕಿ, ಬ್ರೌಸರನ್ನೂ ಬದಲಿಸುತ್ತಾರೆ. ವಿಡಿಯೊ ಸರಿಹೋಗುತ್ತದೆ, ಯಾವುದರಿಂದ ಸರಿಹೋಯಿತೆಂದು ಮಾತ್ರ ತಿಳಿಯುವುದಿಲ್ಲ. ಮುಂದಿನ ವಾರ ಮತ್ತೆ ಕೆಟ್ಟಾಗ ಮತ್ತೆ ಮೊದಲಿನಿಂದ ಪಾಡು. ಲೋಲಕದ ಪ್ರಯೋಗದಲ್ಲಿ ದಾರದ ಉದ್ದವನ್ನು ಬದಲಿಸುವಾಗ ಗುಂಡನ್ನು ಬದಲಿಸುವುದಿಲ್ಲ. ಆ ನಿಯಮ ಇಲ್ಲಿಗೂ ಅನ್ವಯಿಸುತ್ತದೆ.

ನೋಟುಪುಸ್ತಕದಲ್ಲಿ ನಾಲ್ಕು ಕಲಂ ಗೀಟು ಹಾಕಿ ಸಮಯ, ಮಾಡಿದ ಬದಲಾವಣೆ, ಸಂಪರ್ಕದ ವೇಗ, ಬಿಟ್ಟುಹೋದ ಫ್ರೇಮುಗಳ ಸಂಖ್ಯೆಯನ್ನು ಬರೆಯಬೇಕು. ಪ್ರತಿ ಸಲವೂ ಅದೇ ವಿಡಿಯೊ, ಅದೇ ಎರಡು ನಿಮಿಷ, ಅದೇ ಗುಣಮಟ್ಟ. ಮೊದಲು ಏನನ್ನೂ ಬದಲಿಸದೆ ಒಂದು ಸಲ, ತಂತಿ ಹಾಕಿ ಒಂದು ಸಲ, ತಂತಿಯನ್ನು ಹಾಗೇ ಬಿಟ್ಟು ಗ್ರಾಫಿಕ್ಸ್ ಗುಂಡಿ ಹಚ್ಚಿ ಮತ್ತೊಂದು ಸಲ. ಐದಾರು ಸಾಲು ತುಂಬುವಷ್ಟರಲ್ಲಿ ದೋಷ ಎಲ್ಲಿದೆಯೆಂಬುದು ಬಹುತೇಕ ಸ್ಪಷ್ಟವಾಗುತ್ತದೆ. ಈ ಕೆಲಸವನ್ನು ಮನೆಯ ವಿದ್ಯಾರ್ಥಿಗೇ ವಹಿಸಿದರೆ ಹಣದ ಜೊತೆಗೆ ಒಂದು ಪಾಠವೂ ಉಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಕಂಪ್ಯೂಟರ್ ನಿಜಕ್ಕೂ ಅಶಕ್ತವೆಂದೇ ಪಟ್ಟಿ ಹೇಳಿದರೆ ಹೊಸದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಆಗ ಅಂಗಡಿಯಲ್ಲಿ ಬಣ್ಣ, ತೂಕಗಳ ಜೊತೆಗೆ ಕೇಳಬೇಕಾದ ಪ್ರಶ್ನೆಯೂ ಗೊತ್ತಿರುತ್ತದೆ: ‘ಇದರ ಗ್ರಾಫಿಕ್ಸ್ ಚಿಪ್ಪು ಎವಿ1 ವಿಡಿಯೊವನ್ನು ತಾನೇ ಬಿಚ್ಚುತ್ತದೆಯೇ?’ ಸಂಪರ್ಕದ್ದೇ ದೋಷವೆಂದಾದರೆ ಕಂಪನಿಗೆ ದೂರು ಕೊಡುವಾಗ ಬೆಳಿಗ್ಗೆ ರಾತ್ರಿಗಳ ವೇಗದ ಪಟ್ಟಿಯನ್ನು ಮುಂದಿಡಬಹುದು. ‘ಸರಿಯಾಗಿ ಬರುತ್ತಿಲ್ಲ’ ಎಂಬ ಮಾತಿಗಿಂತ ದಿನಾಂಕ, ಸಮಯ, ಅಂಕಿಗಳಿರುವ ಒಂದು ಪುಟಕ್ಕೆ ಉತ್ತರ ಬೇಗ ಬರುತ್ತದೆ.